ಆರು ತಾಸಿನ ಕಾಗದ, ಆರು ತಿಂಗಳಿನ ಕಾಗದ

2025ರಲ್ಲಿ ಸಾವಿಗೆ ಸಂಬಂಧಪಟ್ಟ ಮೂರು ಸುದ್ದಿ ಬಂದವು. ಜನವರಿ 30ಕ್ಕೆ ರಾಜ್ಯದ ಆರೋಗ್ಯ ಇಲಾಖೆ ಘನತೆಯಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು ಎಂಬ ನಿಯಮ ಜಾರಿಗೆ ಬಂತು. ಡಿಸೆಂಬರ್‌ನಲ್ಲಿ ಸಂಸತ್ತು, ಕೆಲವು ಊರುಗಳಲ್ಲಿ ವಿಲ್‌ಗೆ ಪ್ರೊಬೇಟ್ (ವಿಲ್ ಅಸಲಿ ಎಂಬ ಕೋರ್ಟಿನ ದೃಢೀಕರಣ) ಕಡ್ಡಾಯ ಮಾಡಿದ್ದ ಹಳೆಯ ಕಲಮನ್ನು ತೆಗೆದುಹಾಕಿತು.

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಹಾವೇರಿ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಈ ಮೂರೂ ಕಲಸಿ ಒಂದಾದವು. ದಯಾಮರಣಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿದೆಯಂತೆ. ನಾಮಿನಿ ಹಾಕಿದರೆ ಮೃತ್ಯುಪತ್ರ ಬೇಡವಂತೆ. ಕೊನೆಗಾಲದ ಚಿಕಿತ್ಸೆ ಬಗ್ಗೆ ಮುಂಚೆಯೇ ಬರೆದಿಡುವ ಲಿವಿಂಗ್ ವಿಲ್‌ನಲ್ಲಿ ಹೊಲಮನೆಯನ್ನೂ ಬರೆಯಬಹುದಂತೆ. ಈ ಮೂರು 'ಅಂತೆ'ಗಳೂ ತಪ್ಪು.

ಗೊಂದಲಕ್ಕೆ ಅರ್ಧ ಕಾರಣ ಹೆಸರೇ. ಮೈಸೂರು ಕಡೆಯವರು ಉಯಿಲು ಅನ್ನುವುದಕ್ಕೆ ಈ ಭಾಗದಲ್ಲಿ ಮೃತ್ಯುಪತ್ರ ಅನ್ನುತ್ತಾರೆ. ಹಳೆಯ ಮುಂಬೈ ಪ್ರಾಂತ್ಯದ ಕಾಲದಿಂದ ಮರಾಠಿಯವರ ಜೊತೆ ಹಂಚಿಕೊಂಡ ಮಾತು ಅದು. 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯೊಳಗೇ ಇದ್ದವಲ್ಲ, ಹಾಗಾಗಿ ಮೂರೂ ಕಡೆ ಒಂದೇ ಮಾತು. 'ಮೃತ್ಯು' ಎಂಬ ಶಬ್ದ ಇದೆ ಅಂದ ಮೇಲೆ ಸಾವಿನ ಬಗ್ಗೆ ಹೇಳುವುದೆಲ್ಲ ಅದರಲ್ಲೇ ಬರಬೇಕು ಎಂದುಕೊಳ್ಳುವುದು ಸಹಜ. ವೆಂಟಿಲೇಟರ್ ಬೇಡ, ಕಣ್ಣು ದಾನ ಕೊಡಿ, ಹೊಲದಲ್ಲೇ ಮಣ್ಣು ಮಾಡಿ, ಮನೆ ಸಣ್ಣ ಮಗನಿಗೆ ಇರಲಿ... ಎಲ್ಲವನ್ನೂ ಒಂದೇ ಕಾಗದಕ್ಕೆ ತುಂಬಿ, ರಿಜಿಸ್ಟರ್ ಮಾಡಿಸಿ, ತಿಜೋರಿಯಲ್ಲಿಟ್ಟು ಕೀಲಿ ಹಾಕಿದರೆ ಕೆಲಸ ಮುಗಿಯಿತು ಅಂತ ಭಾವಿಸುತ್ತಾರೆ.

ಆದರೆ ಈ ನಾಲ್ಕೂ ಇಚ್ಛೆಗಳ ವೇಳೆ ಬೇರೆ ಬೇರೆ. ಮೊದಲನೆಯದು ಸಾಯುವ ಮುಂಚೆಯೇ ಬೇಕು. ಎರಡನೆಯದು ಸತ್ತ ಆರು ತಾಸಿನೊಳಗೆ ಬೇಕು. ಮೂರನೆಯದು ಅವತ್ತೇ ಬೇಕು. ನಾಲ್ಕನೆಯದಕ್ಕೆ ತಿಂಗಳುಗಟ್ಟಲೆ ಸಮಯವಿದೆ. ಯಾವ ಕಾಗದವನ್ನು ಯಾರು ಯಾವಾಗ ಓದುತ್ತಾರೆ ಎಂಬುದನ್ನು ಯೋಚಿಸದೆ ಬರೆದರೆ, ಬರೆದದ್ದು ಸರಿಯಿದ್ದೂ ಉಪಯೋಗಕ್ಕೆ ಬರುವುದಿಲ್ಲ.

ಒಂದು ರಾತ್ರಿಯ ಲೆಕ್ಕ

ಕಲ್ಪನೆಗೆ ಒಂದು ಮನೆ ಇಟ್ಟುಕೊಳ್ಳೋಣ. ಧಾರವಾಡದಲ್ಲಿ ಒಬ್ಬ ನಿವೃತ್ತ ಮಾಸ್ತರು. ಮಗ ಬೆಂಗಳೂರಿನಲ್ಲಿ, ಮಗಳು ರಾಣೆಬೆನ್ನೂರಿನಲ್ಲಿ. ಮಾಸ್ತರು ಮೃತ್ಯುಪತ್ರ ಮಾಡಿಸಿದ್ದಾರೆ. ಅದರ ಕೊನೆಯ ಪುಟದಲ್ಲಿ ಕಣ್ಣು ಮತ್ತು ದೇಹ ದಾನದ ಮಾತೂ ಇದೆ. ತಿಜೋರಿಯ ಕೀಲಿ ಮಗನ ಹತ್ತಿರ.

ರಾತ್ರಿ ಎರಡಕ್ಕೆ ಮನೆಯಲ್ಲೇ ಜೀವ ಹೋಗುತ್ತದೆ. ಮೂರರ ಹೊತ್ತಿಗೆ ಓಣಿಯವರು ಬರುತ್ತಾರೆ. ಲಿಂಗಾಯತರ ಮನೆಯಾದರೆ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಭಜನೆ ಶುರುವಾಗುತ್ತದೆ. ಮೇಲೆ ಫ್ಯಾನ್ ಜೋರಾಗಿ ತಿರುಗುತ್ತಿರುತ್ತದೆ. ಮಗಳು ಬೆಳಗಾಗುವುದರೊಳಗೆ ಬಂದಾಳು. ಮಗ ಸುಮಾರು 430 ಕಿಲೋಮೀಟರ್ ದಾರಿ ಮುಗಿಸುವಾಗ ಹತ್ತೋ ಹನ್ನೊಂದೋ ಆಗಿರುತ್ತದೆ. ಸಂಜೆಯೊಳಗೆ ಮಣ್ಣು. ತಿಜೋರಿ ತೆಗೆಯುವುದು ದಿನಕರ್ಮವೆಲ್ಲ ಮುಗಿದ ಮೇಲೆ.

ಕಣ್ಣಿನ ಅವಧಿ ಬೆಳಗಿನ ಎಂಟಕ್ಕೇ ಮುಗಿದಿತ್ತು.

ಇಲ್ಲಿ ಯಾರದೂ ತಪ್ಪಿಲ್ಲ. ಮಕ್ಕಳು ಅಪ್ಪನ ಮಾತು ಮೀರಿಲ್ಲ, ಆ ಮಾತು ಅವರಿಗೆ ಗೊತ್ತೇ ಇರಲಿಲ್ಲ ಅಷ್ಟೇ. ಗೊತ್ತಿದ್ದಿದ್ದರೆ ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಬೇಕು. ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಬೇಕು. ಕಣ್ಣು ಒಣಗದಿರಲಿ ಅಂತ ಫ್ಯಾನ್ ಆರಿಸಬೇಕು. ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು. ಹುಬ್ಬಳ್ಳಿಯಲ್ಲೇ ನೇತ್ರ ಬ್ಯಾಂಕ್ ಇದೆ, ತಂಡ ಮನೆಗೇ ಬರುತ್ತದೆ. ಅರ್ಧ ತಾಸಿನ ಕೆಲಸ, ಮುಖ ವಿಕಾರವಾಗುವುದಿಲ್ಲ. ಭಜನೆಯನ್ನು ಬೇಕಾದರೆ ಪಡಸಾಲೆಗೆ ಸರಿಸಿದರಾಯಿತು. ಚಾಳೀಸು, ಮೋತಿಬಿಂದುವಿನ ಆಪರೇಷನ್, ಸಕ್ಕರೆ ಕಾಯಿಲೆ ಯಾವುದೂ ಸಾಮಾನ್ಯವಾಗಿ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್, ರೇಬಿಸ್, ರಕ್ತದ ಕ್ಯಾನ್ಸರ್‌ನಂಥವು ಇದ್ದರೆ ತೆಗೆದುಕೊಳ್ಳುವುದಿಲ್ಲ.

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಕಣ್ಣು ದಾನವಾಯಿತು. 2006ರಲ್ಲಿ ಅವರ ತಂದೆಯ ಕಣ್ಣೂ ದಾನವಾಗಿತ್ತು. ಆ ಮನೆಯಲ್ಲಿ ಇದು ಮೊದಲೇ ಎಲ್ಲರಿಗೂ ಗೊತ್ತಿದ್ದ ವಿಷಯ. ಅದಕ್ಕೇ ಅಂಥ ಗದ್ದಲದ ನಡುವೆಯೂ ಕೆಲಸ ವೇಳೆಗೆ ಸರಿಯಾಗಿ ನಡೆಯಿತು.

ಜನವರಿಯ ಸುತ್ತೋಲೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಈಗ ಮೊದಲನೆಯ ಸುದ್ದಿಗೆ ಬರೋಣ. 'ದಯಾಮರಣಕ್ಕೆ ಒಪ್ಪಿಗೆ' ಅನ್ನುವ ಮಾತು ಕೇಳಿದರೆ ಇಂಜೆಕ್ಷನ್ ಕೊಟ್ಟು ಸಾಯಿಸುವ ಚಿತ್ರ ಕಣ್ಣಮುಂದೆ ಬರುತ್ತದೆ. ಅದು ಈಗಲೂ ಅಪರಾಧವೇ. ಸುತ್ತೋಲೆ ಹೇಳುವುದು ಬೇರೆ: ಗುಣವಾಗುವ ಆಸೆ ಇಲ್ಲದ ರೋಗಿಗೆ, ಅಥವಾ ಪ್ರಜ್ಞೆ ಮರಳುವ ಸಾಧ್ಯತೆ ಇಲ್ಲದವರಿಗೆ, ಪ್ರಯೋಜನವಿಲ್ಲದ ಯಂತ್ರದ ಚಿಕಿತ್ಸೆಯನ್ನು ನಿಲ್ಲಿಸುವುದು ಅಥವಾ ಶುರು ಮಾಡದೇ ಇರುವುದು. ನೋವು ಕಡಿಮೆ ಮಾಡುವ ಔಷಧಿ, ಆರೈಕೆ ನಿಲ್ಲುವುದಿಲ್ಲ.

ಇದರ ಹಿಂದಿನ ಕಥೆ ನಮ್ಮ ಸೀಮೆಗೇ ತಾಗಿಕೊಂಡಿದೆ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ನರ್ಸ್ ಆಗಿ ಹೋಗಿದ್ದ ಅರುಣಾ ಶಾನಭಾಗ ಅವರ ಮೇಲೆ 1973ರಲ್ಲಿ ಕೆಇಎಂ ಆಸ್ಪತ್ರೆಯೊಳಗೇ ಹಲ್ಲೆ ನಡೆಯಿತು. ಆಮೇಲೆ 2015ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 42 ವರ್ಷ, ಅವರು ಹಾಸಿಗೆಯಲ್ಲೇ ಇದ್ದರು. ಅವರಿಗೆ ಬಿಡುಗಡೆ ಕೊಡಿ ಅಂತ ಒಬ್ಬ ಪತ್ರಕರ್ತೆ ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟು ವರ್ಷ ಆರೈಕೆ ಮಾಡಿದ ನರ್ಸ್‌ಗಳು ಬೇಡವೇ ಬೇಡ ಅಂದರು. 2011ರಲ್ಲಿ ಕೋರ್ಟು ನರ್ಸ್‌ಗಳ ಮಾತನ್ನು ಎತ್ತಿಹಿಡಿಯಿತು. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಒಪ್ಪಿಗೆ ಪಡೆದು ಚಿಕಿತ್ಸೆ ನಿಲ್ಲಿಸಬಹುದು ಎಂಬ ಬಾಗಿಲನ್ನೂ ತೆರೆಯಿತು. ಆ ಇಡೀ ವಾದದಲ್ಲಿ ಎರಡೂ ಕಡೆಯವರು ಅರುಣಾ ಪರವಾಗಿಯೇ ಮಾತಾಡಿದರು. ಅರುಣಾಗೆ ಏನು ಬೇಕಿತ್ತು ಅನ್ನುವುದಕ್ಕೆ ಮಾತ್ರ ಅವರೇ ಬರೆದ ಒಂದು ಸಾಲೂ ಇರಲಿಲ್ಲ.

ಆ ಸಾಲು ಬರೆದಿಡುವ ಹಕ್ಕು 2018ರ ಮಾರ್ಚ್ 9ರಂದು ಸಿಕ್ಕಿತು. ಐವರು ನ್ಯಾಯಮೂರ್ತಿಗಳ ಪೀಠ, ಮುಂಚಿತವಾಗಿ ಬರೆದಿಡುವ ವೈದ್ಯಕೀಯ ಸೂಚನೆಯನ್ನು ಮಾನ್ಯ ಮಾಡಿತು. ಇದನ್ನೇ ಜನ ಲಿವಿಂಗ್ ವಿಲ್ ಅನ್ನುವುದು. ಆದರೆ ಹಾಕಿದ ಷರತ್ತು ಹೇಗಿದ್ದವೆಂದರೆ, ಕಾಗದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕು, ಕೊನೆಯ ಹೊತ್ತಿಗೆ ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕು. ಹಕ್ಕು ಇತ್ತು, ದಾರಿ ಇರಲಿಲ್ಲ. 2023ರ ಜನವರಿ 24ರಂದು ಕೋರ್ಟೇ ಅದನ್ನು ಸಡಿಲಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತನಗೆ ಮಾತಾಡಲು ಆಗದಿದ್ದಾಗ ಯಾರು ಮಾತಾಡಬೇಕು ಎಂಬ ಹೆಸರನ್ನೂ, ಒಂದಕ್ಕಿಂತ ಜಾಸ್ತಿ ಹೆಸರನ್ನೂ, ಅದರಲ್ಲೇ ಬರೆಯಬಹುದು.

ಬರೆದ ಕೂಡಲೇ ವೈದ್ಯರು ಯಂತ್ರ ಆರಿಸುತ್ತಾರೆ ಅಂತಲ್ಲ. ರೋಗಿಗೆ ಸ್ವತಃ ತೀರ್ಮಾನ ಮಾಡುವ ಶಕ್ತಿ ಇರುವವರೆಗೆ ಆ ಕಾಗದಕ್ಕೆ ಕೆಲಸವೇ ಇಲ್ಲ. ಆಮೇಲೂ ಮೊದಲು ಆಸ್ಪತ್ರೆಯ ಮಂಡಳಿ ನೋಡಬೇಕು: ಚಿಕಿತ್ಸೆ ಕೊಡುತ್ತಿರುವ ವೈದ್ಯರು, ಜೊತೆಗೆ ಕನಿಷ್ಠ ಐದು ವರ್ಷ ಅನುಭವದ ಇಬ್ಬರು ತಜ್ಞರು. ಅವರು ಒಪ್ಪಿದರೆ ಎರಡನೆಯ ಮಂಡಳಿ. ಅದರಲ್ಲಿ ಜಿಲ್ಲೆಯ ಆರೋಗ್ಯ ಮುಖ್ಯಸ್ಥರು ಸೂಚಿಸಿದ ಒಬ್ಬ ವೈದ್ಯರು ಇರಬೇಕು. ಪ್ರತಿ ಮಂಡಳಿಯೂ ಆದಷ್ಟು 48 ತಾಸಿನೊಳಗೆ ಹೇಳಬೇಕು. ಹೆಸರಿಸಿದ ಹತ್ತಿರದವರ ಒಪ್ಪಿಗೆಯೂ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದುವರಿಯಬೇಕು. ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗಬಹುದು. ಈ ಭಾಗದವರಿಗೆ ಅದು ಧಾರವಾಡ ಪೀಠ. ರಾಜ್ಯದ ಸುತ್ತೋಲೆ ಹೊಸ ಕಾನೂನೇನಲ್ಲ, ಈ ಮಂಡಳಿಗಳನ್ನು ಆಸ್ಪತ್ರೆಗಳಲ್ಲಿ ರಚಿಸಿ ಎಂಬ ಸೂಚನೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ಬಹಳ ವರ್ಷ ಓಡಾಡಿದ್ದರಿಂದ ಸುತ್ತೋಲೆ ಬಂದಾಗ ಅವರ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು.

ಬೇಡ ಅನ್ನುವವರು, ಬೇಕು ಅನ್ನುವವರು

ವಿರೋಧದ ಮಾತಿನಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ಆಸ್ತಿಗೆ ಕಾಯುತ್ತಿರುವ ಮಕ್ಕಳು ಮುದುಕರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರೆ? ಅಂಗವಿಕಲರ ಬದುಕು 'ಬದುಕಲು ಯೋಗ್ಯವಲ್ಲ' ಎಂಬ ಭಾವನೆ ಇದರಿಂದ ಬೆಳೆದರೆ? ಕೊಟ್ಟವನೇ ಒಯ್ಯಬೇಕು, ನಡುವೆ ನಾವ್ಯಾರು ಅನ್ನುವವರೂ ಇದ್ದಾರೆ. ವೈದ್ಯರಿಗಂತೂ ನಾಳೆ ಕೇಸು ಬಿದ್ದರೆ ಎಂಬ ಭಯ.

ಆದರೆ ಕಾಗದ ಇಲ್ಲದಿರುವಾಗ ಈಗ ಏನು ನಡೆಯುತ್ತಿದೆ ಅಂತಲೂ ನೋಡಬೇಕಲ್ವಾ? ಐಸಿಯು ಬಿಲ್ಲು ಏರುತ್ತ ಹೋಗುತ್ತದೆ. ಮನೆಯವರು ಒಂದು ದಿನ 'ಮನಿಗೆ ಒಯ್ತೀವಿ' ಅನ್ನುತ್ತಾರೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂದು ಒಂದು ಕಾಗದಕ್ಕೆ ಸಹಿ ಬೀಳುತ್ತದೆ. ಆಂಬುಲೆನ್ಸಿನಲ್ಲಿ ಆಕ್ಸಿಜನ್, ಮನೆ ಮುಟ್ಟಿದ ಮೇಲೆ ಅದೂ ಇಲ್ಲ. ಇಲ್ಲಿ ಮಂಡಳಿ ಇಲ್ಲ, ಎರಡನೆಯ ಅಭಿಪ್ರಾಯ ಇಲ್ಲ, ರೋಗಿಯ ಮಾತು ಇಲ್ಲ, ನೋವಿಗೆ ಔಷಧಿಯೂ ಇಲ್ಲ. ಮಕ್ಕಳ ದುರಾಸೆಯ ಭಯ ನಿಜವಾದರೆ, ಅದಕ್ಕೆ ಇದಕ್ಕಿಂತ ಸುಲಭದ ದಾರಿ ಬೇರೊಂದಿಲ್ಲ. ಎರಡು ಮಂಡಳಿ ದಾಟಬೇಕಾದ ದಾರಿಯಲ್ಲಿ ಮೋಸ ಮಾಡುವುದು ಇದಕ್ಕಿಂತ ಕಷ್ಟ. ಆ ಕಾರಣಕ್ಕೆ ಸುತ್ತೋಲೆಯ ಪರವಾದ ವಾದವೇ ಹೆಚ್ಚು ಗಟ್ಟಿ ಅನ್ನಿಸುತ್ತದೆ.

ಉಳಿದಿರುವ ತೊಡಕು ಕಾಗದ ಎಲ್ಲಿರಬೇಕು ಅನ್ನುವುದು. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ಮನೆ ಡಾಕ್ಟರಿಗೆ, ಒಂದು ಸ್ಥಳೀಯ ಸಂಸ್ಥೆ ಅಂದರೆ ಪಾಲಿಕೆ ಅಥವಾ ಪಂಚಾಯ್ತಿ ನೇಮಿಸಿದ ಅಧಿಕಾರಿಗೆ ಎಂದು ಕೋರ್ಟು ಹೇಳಿದೆ. ಪಕ್ಕದ ಗೋವಾದಲ್ಲಿ 2024ರ ಮೇ ಕೊನೆಗೆ ಹೈಕೋರ್ಟ್ ನ್ಯಾಯಮೂರ್ತಿ ಎಂ.ಎಸ್. ಸೋನಕ್ ತಮ್ಮ ಸೂಚನೆಯನ್ನು ತಾವೇ ದಾಖಲಿಸಿ ದಾರಿ ತೋರಿಸಿದರು. ಇಲ್ಲಿ ಬರೆಯುವವರು ಪಾಲಿಕೆಗೋ ಪಂಚಾಯ್ತಿಗೋ ಹೋಗಿ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಇಟ್ಟುಕೊಳ್ಳುವ ಅಧಿಕಾರಿ ಯಾರು ಅನ್ನುವುದು. ಅಲ್ಲಿ ಉತ್ತರ ಸಿಗದಿದ್ದರೂ ಮನೆಯವರ ಮತ್ತು ಡಾಕ್ಟರ ಕೈಯಲ್ಲಿರುವ ಪ್ರತಿಗೆ ಬೆಲೆ ಇದ್ದೇ ಇದೆ.

ವೆಂಟಿಲೇಟರ್ ಬೇಡ, ಆದರೆ ಕಿಡ್ನಿ ಕೊಡಿ

ಎರಡು ಒಳ್ಳೆಯ ಇಚ್ಛೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗ ಇದು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಕಿಡ್ನಿ, ಲಿವರ್, ಹೃದಯದಂಥ ಅಂಗಗಳನ್ನು ಸತ್ತ ಮೇಲೆ ಕೊಡುವುದು ನಮ್ಮಲ್ಲಿ ಬಹುತೇಕ ಒಂದೇ ಸಂದರ್ಭದಲ್ಲಿ ಸಾಧ್ಯ. ಮೆದುಳು ಸತ್ತಿರಬೇಕು, ಹೃದಯ ಬಡಿಯುತ್ತಿರಬೇಕು. ಅಂದರೆ ರೋಗಿ ಐಸಿಯುನಲ್ಲಿ ವೆಂಟಿಲೇಟರ್ ಮೇಲಿರಬೇಕು. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ತಾಸಿನ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿದ ಮೇಲೆಯೇ ಬ್ರೇನ್ ಡೆತ್ ಎಂದು ಘೋಷಿಸುತ್ತಾರೆ. ಮನೆಯಲ್ಲಿ ತೀರಿಕೊಂಡವರಿಂದ ಕಣ್ಣು ಸಿಗುತ್ತದೆ, ಕಿಡ್ನಿ ಸಿಗುವುದಿಲ್ಲ. ಹಾಗಿರುವಾಗ ಒಂದು ಕಾಗದದಲ್ಲಿ 'ವೆಂಟಿಲೇಟರ್ ಹಚ್ಚಬೇಡಿ' ಅಂತಲೂ, ಇನ್ನೊಂದರಲ್ಲಿ 'ಎಲ್ಲ ಅಂಗ ದಾನ' ಅಂತಲೂ ಇದ್ದರೆ ವೈದ್ಯರು ಯಾವುದನ್ನು ನಂಬಬೇಕು? ಪರಿಹಾರ ಒಂದೇ ಸಾಲಿನದು: ಅಂಗ ದಾನಕ್ಕಾಗಿ ಬೇಕಾದಷ್ಟು ತಾಸು ಯಂತ್ರ ಇಡಲು ನನ್ನ ಒಪ್ಪಿಗೆ ಇದೆ ಎಂದು ಬರೆಯುವುದು.

ಇನ್ನೊಂದು ಡಿಕ್ಕಿ ದೇಹ ದಾನದ್ದು. ಕಿಡ್ನಿ, ಲಿವರ್ ತೆಗೆದ ದೇಹವನ್ನು ಮೆಡಿಕಲ್ ಕಾಲೇಜುಗಳು ಸಾಮಾನ್ಯವಾಗಿ ಪಾಠಕ್ಕೆ ತೆಗೆದುಕೊಳ್ಳುವುದಿಲ್ಲ. ಕಣ್ಣು ತೆಗೆದರೆ ತೊಂದರೆ ಇಲ್ಲ. ಪೋಸ್ಟ್‌ಮಾರ್ಟಂ ಆದ ದೇಹವೂ ಬೇಡ ಅನ್ನುತ್ತಾರೆ. ಆದ್ದರಿಂದ 'ಅಂಗ ದಾನ ಸಾಧ್ಯವಾದರೆ ಅದು ಮೊದಲು, ಆಗದಿದ್ದರೆ ದೇಹ ಕಾಲೇಜಿಗೆ, ಅದೂ ಆಗದಿದ್ದರೆ ಮಣ್ಣು' ಎಂಬ ಕ್ರಮವನ್ನೇ ಬರೆಯಬೇಕು. ಸುಮ್ನೆ 'ದಾನ ಮಾಡಿ' ಅಂದರೆ ಸಾಲದು. ಹುಬ್ಬಳ್ಳಿ, ಧಾರವಾಡದ ಸತ್ತೂರು, ಗದಗ, ಹಾವೇರಿ ನಾಲ್ಕೂ ಕಡೆ ಈಗ ಮೆಡಿಕಲ್ ಕಾಲೇಜುಗಳಿವೆ. ಒಂದೊಂದರ ನಿಯಮ ಒಂದೊಂದು ಥರ ಇರುತ್ತದೆ, ಅನಾಟಮಿ (ದೇಹರಚನೆ) ವಿಭಾಗದಲ್ಲಿ ಮೊದಲೇ ಕೇಳಿ ಫಾರಂ ತುಂಬುವುದು ಒಳ್ಳೆಯದು.

ದೇಹದ ಮೇಲೆ ಯಾರ ಮಾತು ನಡೆಯುತ್ತದೆ?

ಆಸ್ತಿಯ ವಿಷಯದಲ್ಲಿ ಸತ್ತವರ ಕಾಗದಕ್ಕೆ ಬಲ ಜಾಸ್ತಿ. ಮಕ್ಕಳೆಲ್ಲ ಒಟ್ಟಾಗಿ ಬೇಡ ಅಂದರೂ ಸರಿಯಾಗಿ ಬರೆದ ಮೃತ್ಯುಪತ್ರ ನಿಲ್ಲುತ್ತದೆ. ದೇಹದ ವಿಷಯದಲ್ಲಿ ಹಾಗಲ್ಲ. ಕಾನೂನಿನ ಕಣ್ಣಲ್ಲಿ ಮೃತದೇಹ ಆಸ್ತಿಯಲ್ಲ, ಹಾಗಾಗಿ ಅದನ್ನು ಯಾರಿಗೂ 'ಬರೆದುಕೊಡಲು' ಬರುವುದಿಲ್ಲ. ಅದು ಹತ್ತಿರದವರ ಸುಪರ್ದಿಗೆ ಹೋಗುತ್ತದೆ. 1994ರ ಅಂಗ ಕಸಿ ಕಾಯ್ದೆಯಲ್ಲಿ ಬದುಕಿದ್ದಾಗ ಬರೆದ ಒಪ್ಪಿಗೆಗೆ ಬೆಲೆ ಇದೆ. ಇಬ್ಬರು ಸಾಕ್ಷಿ ಬೇಕು, ಅವರಲ್ಲಿ ಒಬ್ಬರು ಹತ್ತಿರದ ಸಂಬಂಧಿಯಾಗಿರಬೇಕು. ಆದರೂ ಆಸ್ಪತ್ರೆಗಳು ಮನೆಯವರನ್ನು ಕೇಳದೆ ಮುಂದೆ ಹೋಗುವುದಿಲ್ಲ. ಡೋನರ್ ಕಾರ್ಡ್ ಜೇಬಿನಲ್ಲಿದ್ದೂ ಹೆಂಡತಿ 'ಬ್ಯಾಡ್ರಿ' ಅಂದರೆ ಅಲ್ಲಿಗೆ ಮುಗಿಯಿತು.

ಹೀಗೆ ಮನೆಯವರೇ ಎರಡಾದರೆ ಏನಾಗುತ್ತದೆ ಎಂಬುದಕ್ಕೆ ಕೇರಳದ ಪ್ರಕರಣ ಇದೆ. ಸಿಪಿಎಂ ಹಿರಿಯ ನಾಯಕ ಎಂ.ಎಂ. ಲಾರೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅಪ್ಪ ದೇಹ ದಾನದ ಇಚ್ಛೆ ಹೇಳಿದ್ದರು ಅಂತ ಮಗ, ಇಲ್ಲ ಕ್ರೈಸ್ತ ಪದ್ಧತಿಯಲ್ಲಿ ಮಣ್ಣು ಮಾಡಬೇಕು ಅಂತ ಒಬ್ಬ ಮಗಳು. ಇಚ್ಛೆಯನ್ನು ಬಾಯಿಮಾತಿನಲ್ಲಿ ಹೇಳಿದ್ದರು, ಬರವಣಿಗೆ ಇರಲಿಲ್ಲ. ಕೇರಳ ಹೈಕೋರ್ಟು ದಾನದ ಪರವಾಗಿ ಹೇಳಿತು, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಮಧ್ಯೆ ಬರಲು ಒಪ್ಪಲಿಲ್ಲ. ಮಗ ಗೆದ್ದ ಅನ್ನಬಹುದು. ಆದರೆ ಅಲ್ಲಿಯವರೆಗೆ ನಾಲ್ಕು ತಿಂಗಳ ಹತ್ತಿರ ದೇಹ ಶವಾಗಾರದಲ್ಲೇ ಇತ್ತು.

ಇದಕ್ಕೆ ಪೂರ್ತಿ ಉಲ್ಟಾ ಉದಾಹರಣೆ ನಮ್ಮ ಪಕ್ಕದ ಬೈಲಹೊಂಗಲದ್ದು. ಅಲ್ಲಿನ ವೈದ್ಯ ಡಾ. ಬಿ.ಎಸ್. ರಾಮಣ್ಣವರ 2008ರಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ಅನಾಟಮಿ ಕಲಿಸುವ ಮಗ ಡಾ. ಮಹಾಂತೇಶ ಅವರೇ ಕೊಯ್ದು ವಿದ್ಯಾರ್ಥಿಗಳಿಗೆ ತೋರಿಸಬೇಕು ಎಂದು ಬರೆದಿಟ್ಟಿದ್ದರು. 2010ರ ನವೆಂಬರ್‌ನಲ್ಲಿ ಬೆಳಗಾವಿಯ ಕಾಲೇಜಿನಲ್ಲಿ ಮಗ ಆ ಕೆಲಸವನ್ನು ಮಾಡಿಯೇಬಿಟ್ಟರು. ಇಷ್ಟು ಕಠಿಣವಾದ ಇಚ್ಛೆ ನಡೆದದ್ದು ಕಾಗದದ ಬಲದಿಂದ ಮಾತ್ರ ಅಲ್ಲ. ನಡೆಸಿಕೊಡಬೇಕಾದ ಮನುಷ್ಯನಿಗೆ ಆ ಮಾತು ಮುಟ್ಟಿತ್ತು, ಅವನು ಅದಕ್ಕೆ ಒಪ್ಪಿದ್ದ.

ಮೃತ್ಯುಪತ್ರ ಮಾಡುವ ಕೆಲಸ, ಮಾಡದ ಕೆಲಸ

ಇನ್ನು ನಿಧಾನದ ಕಾಗದ. ಇದರಲ್ಲಿ ಜನ ಬೇಡದ್ದಕ್ಕೆ ಹೆದರುತ್ತಾರೆ, ಬೇಕಾದ್ದನ್ನು ಬಿಡುತ್ತಾರೆ. ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ಕಡ್ಡಾಯ ಇರುವುದು 1925ರ ಉತ್ತರಾಧಿಕಾರ ಕಾಯ್ದೆ ಹೇಳುವ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳು. ನಾಳೆ ತಕರಾರು ಬಂದರೆ ಆ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ಗೌರವಕ್ಕೆ ಅಂತ 80 ವರ್ಷದ ಹಿರಿಯರಿಬ್ಬರನ್ನು ಕೂರಿಸಿ ಸಹಿ ಹಾಕಿಸುವುದು ಈ ಕಾರಣಕ್ಕೆ ಜಾಣತನವಲ್ಲ. ಆಸ್ತಿ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ ಕೋರ್ಟು ಅನುಮಾನದಿಂದ ನೋಡುತ್ತದೆ. ಆ ಅನುಮಾನ ಕಳೆಯುವ ಹೊರೆ ಅವರ ಮೇಲೇ ಎಂದು 1959ರಲ್ಲೇ, ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ವಾಟ್ಸಾಪ್‌ನಲ್ಲಿ ಕಳಿಸಿದ ಧ್ವನಿ ಸಂದೇಶ ಹಿಂದೂಗಳಿಗೆ ಮೃತ್ಯುಪತ್ರ ಆಗುವುದಿಲ್ಲ. ಮುಸ್ಲಿಮರ ವಸಿಯತ್ ಬಾಯಿಮಾತಿನದೂ ನಡೆಯುತ್ತದೆ, ಆದರೆ ವಾರಸುದಾರರ ಒಪ್ಪಿಗೆ ಇಲ್ಲದೆ ಆಸ್ತಿಯ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೊಡಲು ಬರುವುದಿಲ್ಲ.

ಒಂದು ಮಾತು ಒಪ್ಪಿಕೊಳ್ಳೋಣ. ಈ ಭಾಗದಲ್ಲಿ ಎಷ್ಟೋ ಮೃತ್ಯುಪತ್ರಗಳು ಹುಟ್ಟುವುದೇ ಹೆಣ್ಣುಮಕ್ಕಳಿಗೆ ಹೊಲ ಹೋಗಬಾರದು ಅಂತ. ಸ್ವಂತ ಗಳಿಕೆಯಾದರೆ ಬರೆಯುವವರ ಇಷ್ಟ. ಆದರೆ ಹಿರಿಯರಿಂದ ಬಂದ ಹೊಲದಲ್ಲಿ 2005ರ ತಿದ್ದುಪಡಿಯ ನಂತರ ಮಗಳಿಗೂ ಹುಟ್ಟಿನಿಂದಲೇ ಪಾಲಿದೆ. ಅಪ್ಪ ತನ್ನ ಪಾಲನ್ನಷ್ಟೇ ಬರೆಯಬಹುದು. ಇಡೀ ಸರ್ವೆ ನಂಬರನ್ನು ಗಂಡುಮಕ್ಕಳಿಗೆ ಬರೆದ ಕಾಗದದಿಂದ ಮಗಳ ಪಾಲು ಮಾಯವಾಗುವುದಿಲ್ಲ, ದಾವೆ ಒಂದು ಹುಟ್ಟುತ್ತದೆ. ಉತಾರಕ್ಕೆ, ಅಂದರೆ ಪಹಣಿಗೆ, ಹೆಸರು ಹಚ್ಚಲು ಹೋದಾಗ ತಂಗಿ ತಕರಾರು ಅರ್ಜಿ ಕೊಟ್ಟರೆ, ಮೃತ್ಯುಪತ್ರ ಅಸಲಿಯೋ ನಕಲಿಯೋ ಎಂದು ತಹಶೀಲ್ದಾರರು ತೀರ್ಮಾನಿಸುವಂತಿಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ. ವಾರಸಾ ಆಗದೆ ಉತಾರ ಸತ್ತವರ ಹೆಸರಲ್ಲೇ ಉಳಿಯುತ್ತದೆ. ಇಂಥ ಉತಾರಗಳನ್ನು ಸರಿಪಡಿಸಲು 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನವನ್ನೇ ಶುರು ಮಾಡಬೇಕಾಯಿತು.

ಹೊಸ ಸುದ್ದಿಗಳ ಪೈಕಿ ನಾಮಿನಿಯದ್ದು ಜಾಸ್ತಿ ದಾರಿ ತಪ್ಪಿಸಿದೆ. ನಾಲ್ಕು ನಾಮಿನಿ ಹಾಕಿ ಶೇಕಡಾವಾರು ಪಾಲು ಬರೆಯಬಹುದು ಅಂದಾಗ ಅದೇ ಮೃತ್ಯುಪತ್ರದ ಹಾಗೆ ಕಾಣುತ್ತದೆ. ಹಾಗಲ್ಲ. ನಾಮಿನಿ ಬ್ಯಾಂಕಿನಿಂದ ದುಡ್ಡು ತೆಗೆದುಕೊಳ್ಳುವ ಕೈ, ದುಡ್ಡಿನ ಒಡೆಯ ಅಲ್ಲ. ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. 2025ರಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದ ವಿಮೆ ಪ್ರಕರಣ ಇನ್ನೂ ಹತ್ತಿರದ್ದು. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ಒಬ್ಬರು, ಮದುವೆಯಾಗಿ ಮಗು ಆದ ಮೇಲೂ ಹೆಸರು ಬದಲಿಸಿರಲಿಲ್ಲ. ಅವರು ಸತ್ತ ಮೇಲೆ ವ್ಯಾಜ್ಯ ಎದ್ದಿತು. ನಾಮಿನಿ ಅಂದ ಮಾತ್ರಕ್ಕೆ ಉತ್ತರಾಧಿಕಾರದ ಕಾನೂನು ಅಳಿಸಿಹೋಗುವುದಿಲ್ಲ ಎಂದು ಪೀಠ, ತಾಯಿ, ಹೆಂಡತಿ, ಮಗು ಮೂವರಿಗೂ ಪಾಲು ಕೊಟ್ಟಿತು.

ಪ್ರೊಬೇಟ್ ಸುದ್ದಿಯನ್ನು ಬೇಗ ಮುಗಿಸಬಹುದು. ಆ ಕಡ್ಡಾಯ ಇದ್ದದ್ದು ಮುಖ್ಯವಾಗಿ ಮುಂಬೈ, ಚೆನ್ನೈ ನಗರ ಮತ್ತು ಹಳೆಯ ಬಂಗಾಳದ ಭಾಗಕ್ಕೆ. ಹುಬ್ಬಳ್ಳಿಯವರು ಹುಬ್ಬಳ್ಳಿಯ ಮನೆಯನ್ನು ಬರೆಯುವಾಗ ಅದು ಮೊದಲೂ ಬೇಕಿರಲಿಲ್ಲ. ಮುಂಬೈನಲ್ಲಿ ಫ್ಲ್ಯಾಟ್ ಇಟ್ಟಿರುವವರಿಗೆ ಮಾತ್ರ ಒಂದು ಓಡಾಟ ತಪ್ಪಿತು.

ಹೊಲದಲ್ಲಿನ ಸಮಾಧಿ

ಈ ಮೂರು ಜಿಲ್ಲೆಗಳ ಹಳ್ಳಿಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಕೊನೆಯ ಇಚ್ಛೆ ಯಾವ ಸುತ್ತೋಲೆಯಲ್ಲೂ ಇಲ್ಲ. 'ನನ್ನ ಹೊಲದಾಗ ಮಣ್ಣ ಮಾಡ್ರಿ.' ನವಲಗುಂದ, ರೋಣದ ಎರೆ ಹೊಲಗಳ ಬದುವಿನಲ್ಲಿ ಕಾಣುವ ಸಣ್ಣ ಗದ್ದುಗೆಗಳು ಅಂಥ ಮಾತು ನಡೆಸಿಕೊಟ್ಟದ್ದರ ಗುರುತು.

ಈ ಇಚ್ಛೆಗೆ ದೇಹದ ಮುಖವೂ ಇದೆ, ಆಸ್ತಿಯ ಮುಖವೂ ಇದೆ. ಮಣ್ಣು ಮಾಡುವುದು ಅವತ್ತಿನ ಕೆಲಸ. ಆದರೆ ಸಮಾಧಿ ಹತ್ತು ವರ್ಷದ ಮೇಲೆ ವಾಟ್ಣಿಗೆ, ಅಂದರೆ ಪಾಲು ಹಂಚಿಕೆಗೆ, ಬರುತ್ತದೆ. ಮೋಜಣಿದಾರರು ಚೈನು ಹಿಡಿದು ಅಳೆದಾಗ ಅಪ್ಪನ ಗದ್ದುಗೆ ತಮ್ಮನ ಪಾಲಿಗೆ ಬೀಳುತ್ತದೆ. ಅಣ್ಣ ಅಮಾವಾಸ್ಯೆಗೆ ಕಾಯಿ ಒಡೆಯಲು ತಮ್ಮನ ಜೋಳ ತುಳಿದುಕೊಂಡು ಹೋಗಬೇಕು. ತಮ್ಮ ಹೊಲ ಮಾರಲು ಹೊರಟರೆ ಸಮಾಧಿ ಇರುವ ಹೊಲ ಅಂತ ಕೊಳ್ಳುವವರು ಹಿಂದೆ ಸರಿಯುತ್ತಾರೆ, ಇಲ್ಲ ದರ ಇಳಿಸುತ್ತಾರೆ. ಮಾರಿದ ಮೇಲೆ ಹೊಸ ಮಾಲೀಕರು ಬೇಲಿ ಹಾಕಿದರೆ ಒಳಗೆ ಹೋಗುವ ಹಕ್ಕು ಯಾರಿಗೆ? ಪಟ್ಟಣಕ್ಕೆ ಹತ್ತಿರದ ಹೊಲವಾದರೆ ನಾಳೆ ಲೇಔಟ್ ಆದಾಗ ಅದೇ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ಬಾಯಿಮಾತಿನಲ್ಲಿ ಹೇಳಿ ಹೋದ ಇಚ್ಛೆ ಇದಕ್ಕೆಲ್ಲ ಉತ್ತರ ಕೊಡುವುದಿಲ್ಲ.

ಹಾಗಾಗಿ ಎರಡೂ ಕಾಗದಗಳಲ್ಲಿ ಬರಬೇಕಾದ ಇಚ್ಛೆ ಇದೊಂದೇ. ಮೃತ್ಯುಪತ್ರದಲ್ಲಿ ಸರ್ವೆ ನಂಬರು, ಎಷ್ಟು ಗುಂಟೆ, ಅದು ಯಾರ ಪಾಲಿಗೆ, ಉಳಿದವರಿಗೆ ಯಾವ ಬದುವಿನ ಮೇಲೆ ಹೋಗಿಬರುವ ದಾರಿ ಎಂದು ಬರೆಯಬೇಕು. ಊರಲ್ಲಿ ಹೀಗೆ ಮಣ್ಣು ಮಾಡಲು ಪಂಚಾಯ್ತಿಯ ಅಭ್ಯಂತರ ಏನಾದರೂ ಇದೆಯೇ ಎಂದು ಬದುಕಿದ್ದಾಗಲೇ ಕೇಳಿಕೊಳ್ಳಬೇಕು. ಉಳಿದದ್ದು ಮನೆಯವರ ಕೈಯಲ್ಲಿರುವ ಒಂದು ಹಾಳೆಗೆ. ಯಾರಿಗೆ ಮೊದಲು ಫೋನ್ ಮಾಡಬೇಕು, ನೇತ್ರ ಬ್ಯಾಂಕಿನ ನಂಬರು ಯಾವುದು, ದೇಹ ಕಾಲೇಜಿಗೆ ಹೋದರೆ ಕೊರಳಿನ ಇಷ್ಟಲಿಂಗವನ್ನು ಯಾರು ತೆಗೆದುಕೊಳ್ಳಬೇಕು, ಕಾಲೇಜು ಬೇಡ ಅಂದರೆ ಎಲ್ಲಿ ಗುಂಡಿ ತೋಡಬೇಕು. ಆ ಹಾಳೆಗೆ ಸ್ಟಾಂಪೂ ಬೇಡ, ವಕೀಲರೂ ಬೇಡ. ಅದರ ಒಂದು ಪ್ರತಿ ಮಗನ ಫೋನಿನಲ್ಲಿ, ಒಂದು ಮಗಳ ಫೋನಿನಲ್ಲಿ, ಒಂದು ರಾತ್ರಿ ಎರಡಕ್ಕೆ ಕೂಗಿದರೆ ಓಡಿ ಬರುವ ಬಾಜೂ ಮನೆಯವರ ಹತ್ತಿರ ಇರಬೇಕು.